ಒತ್ತಿದಲ್ಲೆಲ್ಲ ಬಾಸುಂಡೆಯೇ? ಕಾರಣ ಪತ್ತೆ ಮಾಡುವ ಬಗೆ

ನನ್ನ ಅತ್ತಿಗೆ ಎರಡು ವರ್ಷ ಬದನೆಕಾಯಿ ಮುಟ್ಟಲಿಲ್ಲ. ಆಮೇಲೆ ಕಡಲೆಕಾಯಿ ಬಿಟ್ಟರು, ಮೀನು ಬಿಟ್ಟರು, ಕೊನೆಗೆ ಮೊಟ್ಟೆಯನ್ನೂ ಬಿಟ್ಟರು. ಆದರೂ ಸಂಜೆ ಸೀರೆ ಬದಲಿಸುವ ಹೊತ್ತಿಗೆ ಸೊಂಟದ ಸುತ್ತ ಬೆರಳಗಲದ ಬಾಸುಂಡೆ ಎದ್ದಿರುತ್ತಿತ್ತು, ನವೆ ತಡೆಯಲಾಗುತ್ತಿರಲಿಲ್ಲ. ನಂಜಿನ ಪದಾರ್ಥ ತಿಂದದ್ದಕ್ಕೆ ಹೀಗಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಒಂದು ಭಾನುವಾರ ನಾನು ಆ ಬಾಸುಂಡೆಯ ಮೇಲೆ ಬೆರಳಾಡಿಸಿ ಅದರ ದಾರಿ ನೋಡಿದೆ. ಲಂಗದ ಲಾಡಿ ಬಿಗಿಯುವ ಜಾಗದಲ್ಲೇ ಅದು ಸುತ್ತಿ ಬಂದು, ಗಂಟು ಕೂರುವ ಎಡಪಕ್ಕದಲ್ಲಿ ನಾಣ್ಯದಂತೆ ಉಬ್ಬಿ ನಿಂತಿತ್ತು. ಆಹಾರದಿಂದ ಏಳುವ ಗಂಧೆ ಮೈಯಲ್ಲಿ ಎಲ್ಲೆಂದರಲ್ಲಿ ಏಳುತ್ತದೆ. ಲಾಡಿಯ ದಾರಿಯನ್ನೇ ಹಿಡಿದು ಸುತ್ತುವುದಿಲ್ಲ.

ಅವರಿಗಿದ್ದದ್ದು ಒತ್ತಡದಿಂದ ಏಳುವ ಪಿತ್ತಗಂಧೆ. ಇಲ್ಲಿ ಒತ್ತಡವೆಂದರೆ ಮನಸ್ಸಿನದ್ದಲ್ಲ. ದಾರ, ಪಟ್ಟಿ, ಬೆಂಚಿನ ಅಂಚು, ಚೀಲದ ಹಿಡಿಕೆ ಮೈಯನ್ನು ಒತ್ತುವುದು, ಉಜ್ಜುವುದು. ನಮ್ಮ ಚರ್ಮದೊಳಗೆ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಕೆಲವರಲ್ಲಿ ಇವು ಸಣ್ಣ ಒತ್ತಡಕ್ಕೂ ಕೆರಳಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಆಗ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳಿಂದ ದ್ರವ ಒಸರಿ, ಚರ್ಮ ಉಬ್ಬುತ್ತದೆ. ನರಗಳ ತುದಿ ಕೆರಳಿ ನವೆಯಾಗುತ್ತದೆ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನಿಮಿಷಗಳಲ್ಲಿ ಏಳುತ್ತದೆ, ಇನ್ನೊಂದು ಗಂಟೆಗಳ ನಂತರ. ಹಾಗಾಗಿ ಕಾರಣ ಹುಡುಕುವವರಿಗೆ ಬೇಕಾದ ದೊಡ್ಡ ಉಪಕರಣ ಗಡಿಯಾರ.

ಹಂತ 1: ಆಕಾರ ನೋಡಿ

ಗೆರೆಯಂತಿದೆಯೇ, ಪಟ್ಟಿಯಂತಿದೆಯೇ, ದುಂಡಗಿದೆಯೇ ನೋಡಿ. ಗೆರೆ ಮತ್ತು ಪಟ್ಟಿ ಹೆಚ್ಚಾಗಿ ಒತ್ತಡದ, ಉಜ್ಜಾಟದ ಗುರುತು. ಬೆವರಿದಾಗ ಏಳುವ ಸಣ್ಣ ಸಣ್ಣ ಚುಕ್ಕೆ, ತಣ್ಣೀರು ಸೋಕಿದಲ್ಲಿ ಏಳುವ ದದ್ದು ಬೇರೆ ಬಗೆಯವು; ಈ ಲೇಖನ ಅವುಗಳಿಗಲ್ಲ.

ಹಂತ 2: ಮಾತ್ರೆಯ ಲೆಕ್ಕ

ಮುಂದಿನ ಹಂತದಲ್ಲಿ ಚರ್ಮದ ಮೇಲೆ ಗೀರಿ ನೋಡುವ ಪರೀಕ್ಷೆಯಿದೆ. ಅದು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೆಳಿಗ್ಗೆ ಸೆಟ್ರಿಜಿನ್ ನುಂಗಿ, ಸಂಜೆ ಕೈ ಮೇಲೆ ಗೀರಿಕೊಂಡು ‘ನನಗೇನೂ ಇಲ್ಲ’ ಎನ್ನುವವರನ್ನು ಕಂಡಿದ್ದೇನೆ. ಸೆಟ್ರಿಜಿನ್, ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್ ಎಲ್ಲವೂ ಹಿಸ್ಟಮಿನ್ ಕೆಲಸವನ್ನೇ ತಡೆಯುವ ಮಾತ್ರೆಗಳು. ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ದಿನ ಇವು ಹೊಟ್ಟೆಗೆ ಹೋಗಿರಬಾರದು. ನೆಗಡಿಯ ಮಾತ್ರೆ, ಕೆಮ್ಮಿನ ಸಿರಪ್‌ಗಳ ಲೇಬಲ್ಲನ್ನೂ ಓದಿ. ಕ್ಲೋರ್‌ಫೆನಿರಮಿನ್ ಎಂದಿದ್ದರೆ ಅದೂ ಇದೇ ಗುಂಪಿನದು. ವೈದ್ಯರು ದಿನವೂ ತೆಗೆದುಕೊಳ್ಳಲು ಹೇಳಿದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಹಿಂದೆ ಎಂದಾದರೂ ತುಟಿ, ನಾಲಿಗೆ ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ ಮನೆಯಲ್ಲಿ ಯಾವ ಪರೀಕ್ಷೆಯೂ ಬೇಡ. ಈಗ ಹಾಗಾಗುತ್ತಿದ್ದರೆ ಓದುವುದನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಿ.

ಹಂತ 3: ಗೀರು ಪರೀಕ್ಷೆ

ಇದು ನಿಮಿಷಗಳಲ್ಲಿ ಏಳುವ ಬಗೆಯನ್ನು ಹಿಡಿಯುವ ಪರೀಕ್ಷೆ. ಈ ಬಗೆಗೆ ಡರ್ಮೋಗ್ರಾಫಿಸಂ ಎಂದು ಹೆಸರು, ಅಂದರೆ ಚರ್ಮದ ಮೇಲಿನ ಬರಹ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ವೈದ್ಯರು ಇಂತಹ ರೋಗಿಗಳ ಬೆನ್ನ ಮೇಲೆ ಅಕ್ಷರಗಳನ್ನು ಗೀರಿ, ಅವು ಉಬ್ಬಿ ನಿಂತಾಗ ಫೋಟೊ ತೆಗೆದಿದ್ದರು.

ಉಗುರಿನಿಂದ ಗೀರಬೇಡಿ. ಉಗುರು ಚರ್ಮವನ್ನು ತರಚುತ್ತದೆ, ತರಚಿದ್ದು ಎಲ್ಲರಲ್ಲೂ ಕೆಂಪಾಗಿ ಉರಿಯುತ್ತದೆ, ಅದನ್ನೇ ಕಾಯಿಲೆಯೆಂದು ತಿಳಿಯುತ್ತೀರಿ. ಪಿನ್ನು, ಕಡ್ಡಿ, ಬಾಚಣಿಗೆಯ ಹಲ್ಲು ಕೂಡ ಬೇಡ. ರೀಫಿಲ್ ಒಳಗೆಳೆದ ಬಾಲ್‌ಪೆನ್ನಿನ ಮೊಂಡು ತುದಿ, ಇಲ್ಲವೇ ಪೆನ್ನಿನ ಮುಚ್ಚಳದ ದುಂಡು ತುದಿ ಸಾಕು. ನನ್ನ ಆಯ್ಕೆ ಮುಚ್ಚಳ.

ಜಾಗ ಮುಂಗೈಯ ಒಳಭಾಗವಾಗಲಿ, ಅಥವಾ ಸಹಾಯಕ್ಕೆ ಯಾರಾದರೂ ಇದ್ದರೆ ಬೆನ್ನಿನ ಮೇಲ್ಭಾಗ. ಅಲ್ಲಿ ಆಗಲೇ ಗಂಧೆ, ಕಜ್ಜಿ, ಇಸುಬು ಇರಕೂಡದು. ಎಣ್ಣೆ, ಕ್ರೀಮು ಹಚ್ಚಿರಕೂಡದು. ಬಿಸಿನೀರಿನ ಸ್ನಾನ ಮುಗಿಸಿ ಬಂದ ತಕ್ಷಣ ಮಾಡಬೇಡಿ. ಮೈ ಬಿಸಿಯಾಗಿದ್ದಾಗ ಚರ್ಮ ಹೆಚ್ಚು ಕೆರಳಿರುತ್ತದೆ. ಫ್ಯಾನಿನ ಕೆಳಗೆ ಅರ್ಧ ಗಂಟೆ ಸುಮ್ಮನೆ ಕುಳಿತ ಮೇಲೆ ಶುರುಮಾಡಿ.

ಈಗ ಒತ್ತುವ ಬಲ. ಇಲ್ಲಿ ಜನ ಒಂದೋ ಗರಿ ಸವರಿದಂತೆ ಸವರುತ್ತಾರೆ, ಇಲ್ಲವೇ ಕೆತ್ತುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸ್ಪ್ರಿಂಗ್ ಇರುವ ಸಾಧನವುಂಟು. ಮನೆಯಲ್ಲಿ ನಾನು ಮಾಡುವುದು ಹೀಗೆ: ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪೆನ್ನಿನ ಮುಚ್ಚಳವನ್ನು ಒತ್ತಿ, 100 ಗ್ರಾಂ, 200 ಗ್ರಾಂ, 300 ಗ್ರಾಂ ತೋರಿಸುವಾಗ ಬೆರಳಿಗೆ ಹೇಗನಿಸುತ್ತದೆ ಎಂದು ನಾಲ್ಕೈದು ಸಲ ಅಭ್ಯಾಸ ಮಾಡುತ್ತೇನೆ. ಇದು ವೈದ್ಯರ ಅಳತೆಯಲ್ಲ; ಇಂದಿನ ಗೀರಿಗೂ ಮುಂದಿನ ತಿಂಗಳ ಗೀರಿಗೂ ಕೈ ಒಂದೇ ಸಮ ಇರಲೆಂದು. ಆಮೇಲೆ ಮೂರು ಗೀರು, ಬೆರಳುದ್ದದವು, ಎರಡೆರಡು ಬೆರಳಿನ ಅಂತರದಲ್ಲಿ, ಹಗುರದಿಂದ ಬಿಗಿಗೆ. ಪ್ರತಿ ಗೀರೂ ಒಂದೇ ಎಳೆತ. ಹಿಂದೆ ಮುಂದೆ ಉಜ್ಜಬೇಡಿ.

ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಒಂದೆರಡು ನಿಮಿಷದಲ್ಲಿ ಗೆರೆ ಕೆಂಪಾಗುತ್ತದೆ. ಇಲ್ಲಿ ಗಾಬರಿಯಾಗಿ ತೀರ್ಪು ಕೊಟ್ಟುಬಿಡುತ್ತಾರೆ, ಕೊಡಬೇಡಿ. ಗೀರಿದ ಚರ್ಮ ಮೂರು ಹೆಜ್ಜೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು 1920ರ ದಶಕದಲ್ಲೇ ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ವಿವರಿಸಿದ್ದರು: ಮೊದಲು ಕೆಂಪು ಗೆರೆ, ಆಮೇಲೆ ಸುತ್ತ ಹರಡುವ ಕೆಂಪು, ಕೊನೆಗೆ ಉಬ್ಬು. ಮೊದಲೆರಡು ಆರೋಗ್ಯವಂತರಲ್ಲೂ ಕಾಣುತ್ತವೆ. ನಮಗೆ ಬೇಕಾದದ್ದು ಹತ್ತನೇ ನಿಮಿಷದ ಉಬ್ಬು, ಮತ್ತು ಅದರ ಜೊತೆ ನವೆ ಇದೆಯೇ ಎಂಬುದು.

ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಹುಡುಕುತ್ತಾ ಕುಳಿತರೆ ಮೋಸ ಹೋಗುತ್ತೀರಿ. ಪುಸ್ತಕಗಳ ಚಿತ್ರಗಳು ಬಿಳಿ ಚರ್ಮದವು. ಹತ್ತು ನಿಮಿಷವಾದ ಮೇಲೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕೈಯ ಪಕ್ಕದಿಂದ, ಚರ್ಮಕ್ಕೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಉಬ್ಬಿದ್ದರೆ ಅದರ ಆಚೆ ಬದಿಗೆ ನೆರಳು ಬೀಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಬೆರಳ ತುದಿಯಿಂದ ಮೆಲ್ಲಗೆ ಸವರಿ. ಅತ್ತಿಗೆಯ ಕೈಯಲ್ಲಿ ಕಣ್ಣಿಗೆ ಏನೂ ಕಾಣಿಸಿರಲಿಲ್ಲ. ಸವರಿದಾಗ ಬಟ್ಟೆಯೊಳಗೆ ದಾರ ತೂರಿಸಿದಂತೆ ಮೂರೂ ಗೆರೆ ಸಿಕ್ಕವು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

ಉಬ್ಬು ಎದ್ದು ನವೆಯೂ ಇದ್ದರೆ ಚಿಕಿತ್ಸೆ ಬೇಕಾದ ಡರ್ಮೋಗ್ರಾಫಿಸಂ ಇರುವುದು ಬಹುಮಟ್ಟಿಗೆ ಖಚಿತ. ಉಬ್ಬಿದೆ, ನವೆಯಿಲ್ಲ ಎಂದರೆ ಚರ್ಮದ ಸ್ವಭಾವವೇ ಹಾಗೆ. ನೂರರಲ್ಲಿ ಎರಡರಿಂದ ಐದು ಜನರಿಗೆ ಹೀಗಿರುತ್ತದೆ, ಮದ್ದು ಬೇಕಿಲ್ಲ. ಎರಡೂ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತವೆ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಬೆಂಚಿನ ಅಂಚು, ಶಾಲೆಯ ಚೀಲದ ಪಟ್ಟಿ ಒತ್ತಿದಲ್ಲಿ ಏಳುವ ಗೆರೆಗಳು ಬೆತ್ತದ ಏಟಿನಂತೆಯೇ ಕಾಣುತ್ತವೆ. ಮಗುವನ್ನೋ ಶಿಕ್ಷಕರನ್ನೋ ಗದರಿಸುವ ಮುನ್ನ ಈ ಹತ್ತು ನಿಮಿಷ ಕೊಡಿ. ಗೀರು ಏಳದಿದ್ದರೆ, ಅಥವಾ ಬಾಸುಂಡೆ ಮರುದಿನವೂ ಹಾಗೆಯೇ ಇದ್ದರೆ, ಮಗು ಹೇಳುವುದನ್ನು ಕೂತು ಕೇಳಿ.

ಹಂತ 4: ಗಂಟೆಗಳನ್ನು ಹಿಂದಕ್ಕೆ ಎಣಿಸಿ

ತಡವಾಗಿ ಏಳುವ ಬಗೆ ಗೀರು ಪರೀಕ್ಷೆಗೆ ಸಿಗದೆ ಹೋಗಬಹುದು. ಅದಕ್ಕೆ ಗೀರಲ್ಲ, ಸ್ವಲ್ಪ ಹೊತ್ತು ಬಿಡದೆ ಬೀಳುವ ಭಾರ ಬೇಕು. ಭಾರ ಬಿದ್ದು ನಾಲ್ಕರಿಂದ ಆರು ಗಂಟೆಯಾದ ಮೇಲೆ, ಕೆಲವೊಮ್ಮೆ ಹನ್ನೆರಡು ಗಂಟೆಯ ಮೇಲೆ, ಚರ್ಮದ ಆಳದಲ್ಲಿ ಬಾವು ಬರುತ್ತದೆ. ನವೆಗಿಂತ ನೋವು, ಉರಿ ಹೆಚ್ಚು. ಒಂದರಿಂದ ಮೂರು ದಿನ ಇರುತ್ತದೆ. ಕೆಲವರಿಗೆ ಮೈ ಬಿಸಿಯಾಗಿ ಕೀಲು ನೋಯುವುದೂ ಉಂಟು.

ನಮ್ಮ ಬೀದಿಯ ಹಿರಿಯರೊಬ್ಬರು ಬರಿಗಾಲಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಇಳಿದು, ತಿಂಡಿ ತಿಂದು, ಆರಾಮವಾಗಿ ಓಡಾಡಿಕೊಂಡಿದ್ದವರಿಗೆ ಮಧ್ಯಾಹ್ನ ಎರಡರ ಹೊತ್ತಿಗೆ ಅಂಗಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ನಡುವೆ ಏಳು ಗಂಟೆ ಕಳೆದಿದ್ದರಿಂದ ಮೆಟ್ಟಿಲನ್ನು ಯಾರೂ ಅನುಮಾನಿಸಲಿಲ್ಲ. ಯೂರಿಕ್ ಆಸಿಡ್ ಎಂದು ಒಂದು ವರ್ಷ ಬೇಳೆ ಬಿಡಿಸಿದರು.

ಆದ್ದರಿಂದ ಎರಡು ವಾರ ಒಂದು ನೋಟ್‌ಬುಕ್ ಇಡಿ. ಬಾವು ಕಂಡ ಗಂಟೆ ಬರೆದು, ಅಲ್ಲಿಂದ ಹನ್ನೆರಡು ಗಂಟೆ ಹಿಂದಕ್ಕೆ ನಡೆದು ಆ ಜಾಗದ ಮೇಲೆ ಏನು ಒತ್ತಿತ್ತು ಎಂದು ನೆನಪಿಸಿಕೊಳ್ಳಿ. ಅಂಗೈಯಾದರೆ ತರಕಾರಿ ಚೀಲ, ಕುಡುಗೋಲು, ಸ್ಕೂಟರಿನ ಹಿಡಿ. ಹೆಗಲಾದರೆ ಲ್ಯಾಪ್‌ಟಾಪ್ ಚೀಲ. ಕುಂಡೆ, ತೊಡೆಯಾದರೆ ಗಟ್ಟಿ ಸೀಟಿನ ಬಸ್ ಪ್ರಯಾಣ. ಒಂದೇ ಜೋಡಿ ಮೂರು ಸಲ ಸಿಕ್ಕಿತೆಂದರೆ ಕಾರಣ ಕೈಗೆ ಸಿಕ್ಕಂತೆ. ತಜ್ಞರು ಇದನ್ನು ದೃಢಪಡಿಸುವುದು ಮೂರು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಏಳು ಕಿಲೊ ತೂಕವನ್ನು ಹೆಗಲಿಗೆ 15 ನಿಮಿಷ ತೂಗುಬಿಟ್ಟು, ಆರು ಗಂಟೆಯ ನಂತರ ನೋಡಿ. ಅಕ್ಕಿ ಚೀಲ ಕಟ್ಟಿಕೊಂಡು ಮನೆಯಲ್ಲಿ ಮಾಡಬೇಡಿ; ಬಾವು ಬಂದರೆ ಮೂರು ದಿನ ನರಳುತ್ತೀರಿ.

ಪವರ್ ಟಿಲ್ಲರ್, ಡ್ರಿಲ್ ಹಿಡಿದವರ ಕೈ ಊದಿದರೆ ಒತ್ತಡದ ಜೊತೆ ಕಂಪನವನ್ನೂ ಅನುಮಾನಿಸಿ. ಕಂಪನಕ್ಕೇ ಏಳುವ ಗಂಧೆ ಅಪರೂಪ. ಕೆಲವು ಕುಟುಂಬಗಳಲ್ಲಿ ಅದು ಒಂದೇ ಜೀನಿನ ದೋಷದಿಂದ ಬರುತ್ತದೆ ಎಂದು 2016ರಲ್ಲಿ ಲೆಬನಾನ್ ಮೂಲದವರಲ್ಲಿ ಪತ್ತೆಯಾಯಿತು.

ಹಂತ 5: ಒತ್ತುವುದನ್ನು ಅಗಲ ಮಾಡಿ

ಅದೇ ಭಾರ, ಹೆಚ್ಚು ಅಗಲ, ಕಡಿಮೆ ಒತ್ತಡ. ಲಾಡಿಯ ಬದಲು ನಾಲ್ಕು ಬೆರಳಿನ ಅಗಲದ ಮೆತ್ತನೆ ಪಟ್ಟಿ, ಚೀಲದ ಹಿಡಿಕೆಗೆ ಮಡಿಸಿದ ಟವೆಲ್, ದಪ್ಪ ಅಟ್ಟೆಯ ಚಪ್ಪಲಿ, ಬಿಗಿ ಎಲಾಸ್ಟಿಕ್ ಇಲ್ಲದ ಕಾಲುಚೀಲ. ಸ್ನಾನದ ಬಳಿಕ ಒರಟು ಟವೆಲಿನಿಂದ ಉಜ್ಜದೆ, ಒತ್ತಿ ಒರೆಸಿಕೊಳ್ಳಿ. ಗಂಧೆ ಎದ್ದರೆ ಕಂಬಳಿಯಿಂದ ಮೈ ಉಜ್ಜುವ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ಉಜ್ಜುವುದರಿಂದಲೇ ಏಳುವ ಗಂಧೆಗೆ ಇದಕ್ಕಿಂತ ಕೆಟ್ಟ ಮದ್ದಿಲ್ಲ. ಪುನರ್ಪುಳಿ ಪಾನಕ ಕುಡಿಯಿರಿ, ತೊಂದರೆಯಿಲ್ಲ. ಆದರೆ ಅದರಿಂದಲೇ ಗುಣವಾಗುತ್ತದೆಂದು ಕಾಯಬೇಡಿ.

ಔಷಧ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ‘ತುರಿಕೆ ಕ್ರೀಮು’ಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ: ಹಚ್ಚಬೇಡಿ. ಹಲವುದರಲ್ಲಿ ಕ್ಲೊಬೆಟಸಾಲ್‌ನಂತಹ ತೀವ್ರ ಸ್ಟೆರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಗಂಧೆ ಮಾತ್ರ ಹೋಗುವುದಿಲ್ಲ. ಸಾವಿರಾರು ರೂಪಾಯಿಯ ಆಹಾರ ಅಲರ್ಜಿ ರಕ್ತಪರೀಕ್ಷೆಯೂ ಇದರ ಕಾರಣ ಹೇಳುವುದಿಲ್ಲ.

ಹಂತ 6: ವೈದ್ಯರ ಬಳಿಗೆ

ಮಾಸ್ಟ್ ಕೋಶಗಳು ಹೀಗೆ ಕೆರಳಲು ಹೆಚ್ಚಿನವರಲ್ಲಿ ಮೂಲಕಾರಣ ಸಿಗುವುದಿಲ್ಲ. ಕೆಲವರಲ್ಲಿ ಕಜ್ಜಿ ಹುಳುವಿನ ಕಾಟದ ನಂತರ, ಪೆನಿಸಿಲಿನ್‌ನಂತಹ ಔಷಧದ ನಂತರ ಶುರುವಾಗುತ್ತದೆ. ಇಬುಪ್ರೊಫೆನ್, ಆಸ್ಪಿರಿನ್ ಕೆಲವರಲ್ಲಿ ಹೆಚ್ಚಿಸುತ್ತವೆ. ನುಂಗುತ್ತಿರುವ ಮಾತ್ರೆಗಳೆಲ್ಲವನ್ನೂ ತೋರಿಸಿ.

ಚಿಕಿತ್ಸೆ ನಿದ್ದೆ ತರಿಸದ ಹಿಸ್ಟಮಿನ್ ನಿರೋಧಕ ಮಾತ್ರೆಯಿಂದ ಆರಂಭವಾಗುತ್ತದೆ; ಸಾಲದಿದ್ದರೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ. ತಡವಾಗಿ ಏಳುವ ಬಗೆ ಈ ಮಾತ್ರೆಗಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು ಹಲವರಿಗೆ ನೆರವಾಗಿದೆ, ಬೆಲೆ ಮಾತ್ರ ಹೆಚ್ಚು. ಒತ್ತಡ ಬೀಳದ ಜಾಗದಲ್ಲೂ ದದ್ದು ಎದ್ದು, 24 ಗಂಟೆ ಮೀರಿ ಉಳಿದು, ಹೋದ ಮೇಲೆ ಕಪ್ಪು ಕಲೆ ಬಿಟ್ಟರೆ ರಕ್ತನಾಳದ ಉರಿಯೂತವಿದೆಯೇ ಎಂದು ಚರ್ಮದ ಚೂರು ತೆಗೆದು ನೋಡಬೇಕಾಗುತ್ತದೆ.

ಚರ್ಮರೋಗ ತಜ್ಞರ ಬಳಿ ನಿಮ್ಮ ಸರದಿ ಬರುವ ಹೊತ್ತಿಗೆ ಬಾಸುಂಡೆ ಇಳಿದುಹೋಗಿರುತ್ತದೆ. ಹಾಗಾಗಿ ಸ್ಕೇಲ್ ಇಟ್ಟು ತೆಗೆದ ಫೋಟೊ, ನೋಟ್‌ಬುಕ್ ಎರಡೂ ಜೊತೆಗಿರಲಿ. ಅತ್ತಿಗೆ ಲಂಗದ ಲಾಡಿಯನ್ನೂ ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡು ಹೋಗಿದ್ದರು. ವೈದ್ಯರು ಅದನ್ನು ಮೇಜಿನ ಮೇಲೆ ಹರಡಿ ಅಗಲ ಅಳೆದರು. ಅರ್ಧ ಸೆಂಟಿಮೀಟರ್ ಇತ್ತು.