ಆರ್ಸೆನಿಕ್ ಸೇರಿದ ಗದ್ದೆಗೆ ನೀರು ಕಟ್ಟುವ ಕ್ರಮ ಬದಲಿಸಿದ್ದು: ನನ್ನ ಅನುಭವ

ಕೊಳವೆಬಾವಿಯ ನೀರು ಬಂದು ಬೀಳುವ ಮೊದಲ ಮಡಿಯಲ್ಲಿ ಸತತ ಮೂರು ವರ್ಷ ಭತ್ತದ ತೆನೆ ಬಾಗಲೇ ಇಲ್ಲ. ಉಳಿದ ಮಡಿಗಳಲ್ಲಿ ಕಾಳು ತುಂಬಿ ತೆನೆಗಳು ಜೋತುಬಿದ್ದಿದ್ದರೆ, ಅಲ್ಲಿ ಮಾತ್ರ ಪೈರು ಹಸಿರಾಗಿಯೇ ನೆಟ್ಟಗೆ ನಿಂತಿರುತ್ತಿತ್ತು. ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಬಹುಪಾಲು ಜೊಳ್ಳಾಗಿ ಹಾರಿಹೋಗುತ್ತಿತ್ತು. ರೋಗವೆಂದು ಔಷಧ ಹೊಡೆದೆ, ಕೊರತೆಯೆಂದು ಸತು ಕೊಟ್ಟೆ, ಯಾವುದೂ ಫಲಿಸಲಿಲ್ಲ. ಕೊನೆಗೆ ನೀರನ್ನೂ ಪ್ರತಿ ಮಡಿಯ ಮಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ ಆರ್ಸೆನಿಕ್ ಎಂಬ ವಿಷಧಾತು ಪತ್ತೆಯಾಯಿತು. ನೀರು ಬೀಳುವ ಬಾಯಿಯಲ್ಲಿ ಅದು ಹೆಚ್ಚಿತ್ತು, ದೂರ ಹೋದಂತೆ ಕಡಿಮೆ. ನೀರಿನಲ್ಲಿದ್ದ ಕಬ್ಬಿಣ ಗಾಳಿ ತಾಗಿದೊಡನೆ ಕೆಂಪು ಮಡ್ಡಿಯಾಗಿ ಅಲ್ಲೇ ಇಳಿಯುವಾಗ ಆರ್ಸೆನಿಕ್ಕನ್ನೂ ಹಿಡಿದುಕೊಂಡು ಕೂರುತ್ತಿತ್ತು. ಅದೇ ನೀರನ್ನು ಮನೆಯವರೂ ಕುಡಿಯುತ್ತಿದ್ದರು. ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಅದು ಮೀರಿತ್ತು. ಆ ದಿನವೇ ಕುಡಿಯುವುದನ್ನು ನಿಲ್ಲಿಸಿದೆವು.

ಗದ್ದೆಯಲ್ಲಿ ನೀರು ನಿಂತಷ್ಟು ಕಾಲ ಮಣ್ಣಿಗೆ ಗಾಳಿಯಾಡದೆ, ಆ ಕಬ್ಬಿಣದ ಮಡ್ಡಿ ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ. ಸಿಲಿಕಾನ್ ಹೀರುವ ದಾರಿಯಲ್ಲೇ ಭತ್ತದ ಬೇರು ಅದನ್ನೂ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಸದಾ ನೀರು ನಿಲ್ಲಿಸುವ ಅಭ್ಯಾಸವನ್ನೇ ಬಿಟ್ಟೆ. 30 ಸೆಂಟಿಮೀಟರ್ ಉದ್ದದ ಕೊಳವೆಯ ಕೆಳಗಿನ ಅರ್ಧಕ್ಕೆ ರಂಧ್ರ ಕೊರೆದು, ಅಷ್ಟನ್ನು ಮಣ್ಣಿನಲ್ಲಿ ಹೂತು, ಒಳಗಿನ ಕೆಸರು ತೆಗೆದೆ. ನಾಟಿಯಾಗಿ ಪೈರು ಬೇರೂರಿದ ಮೇಲೆ, ಕೊಳವೆಯೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ 5 ಸೆಂಟಿಮೀಟರ್ ನೀರು ಕಟ್ಟುತ್ತಿದ್ದೆ. ನೆಲ ಕೂದಲೆಳೆಯಷ್ಟು ಬಿರಿದದ್ದನ್ನು ಕಂಡಾಗ ಮೊದಮೊದಲು ಕೈ ತಾನಾಗಿ ಪಂಪಿನ ಕಡೆ ಹೋಗುತ್ತಿತ್ತು. ಕೊಳವೆಗೆ ಕಡ್ಡಿ ಇಳಿಸಿ ಅಳೆದು ನೋಡಿದ ಮೇಲಷ್ಟೇ ಮನಸ್ಸು ತಡೆಯುತ್ತಿತ್ತು. ಹೂ ಕಟ್ಟುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡಲಿಲ್ಲ, ಬಿಟ್ಟರೆ ಬೇರೆ ಕಾರಣಕ್ಕೇ ಜೊಳ್ಳಾಗುತ್ತದೆ.

ಮೊದಲ ಮಡಿಯ ಹುಲ್ಲನ್ನು ಮಣ್ಣಿಗೆ ಸೇರಿಸುವುದನ್ನೂ ನಿಲ್ಲಿಸಿದೆ. ಕಾಳಿಗಿಂತ ಹುಲ್ಲಿನಲ್ಲಿ ಆರ್ಸೆನಿಕ್ ಹೆಚ್ಚಿರುತ್ತದೆ. ನೀರಿನಡಿ ಕೊಳೆಯುವ ಹುಲ್ಲು ಮಣ್ಣಿನಲ್ಲಿರುವುದನ್ನೂ ಕರಗಿಸುತ್ತದೆ.

ಈ ಕ್ರಮವನ್ನು ಕಣ್ಣುಮುಚ್ಚಿ ಅನುಸರಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಮಣ್ಣು ಒಣಗಿದಾಗ ಆರ್ಸೆನಿಕ್ ತಗ್ಗಿದರೂ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಬೇರಿಗೆ ಸುಲಭವಾಗಿ ಸಿಗುತ್ತದೆ, ಹುಳಿ ಮಣ್ಣಿನಲ್ಲಂತೂ ಇನ್ನೂ ಹೆಚ್ಚು. ಅಕ್ಕಿಯಲ್ಲಿ ಎರಡನ್ನೂ ಅಳೆಸಬೇಕು. ಆರ್ಸೆನಿಕ್‌ನಲ್ಲಿ ಒಟ್ಟು ಪ್ರಮಾಣಕ್ಕಿಂತ, ಹೆಚ್ಚು ವಿಷಕಾರಿಯಾದ ನಿರವಯವ (ಇಂಗಾಲದೊಡನೆ ಕೂಡಿರದ) ರೂಪದ ಲೆಕ್ಕವನ್ನೇ ಕೇಳಬೇಕು. ಪಾಲಿಶ್ ಅಕ್ಕಿಗೆ ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ 2014ರಲ್ಲಿ ನಿಗದಿಪಡಿಸಿದ ಕಿಲೋಗೆ 0.2 ಮಿಲಿಗ್ರಾಂ ಮಿತಿ ಆ ರೂಪಕ್ಕೆ ಸಂಬಂಧಿಸಿದ್ದು.

ಎರಡನೆಯ ಬೆಳೆಗೆ ಮೊದಲ ಮಡಿಯ ತೆನೆಗಳು ಬಾಗಿದವು, ಅಕ್ಕಿಯೂ ಮಿತಿಯೊಳಗೆ ಬಂತು. ಆದರೂ ಕೆಂಪು ಮಡ್ಡಿ ಬಾಯಿಯಲ್ಲಿ ಇನ್ನೂ ಕೂರುತ್ತಲೇ ಇದೆ. ಆ ಮಡಿಯ ಭತ್ತವನ್ನು ಇಂದಿಗೂ ಬೇರೆಯಾಗಿಯೇ ಕೊಯ್ದು, ಬೇರೆ ಚೀಲದಲ್ಲಿಟ್ಟು, ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆಯೇ ಮನೆಗೆ ಬಳಸುತ್ತೇವೆ.