ಹೊಸ್ತಿಲು ದಾಟುವ ಕಾಲು ಬಚ್ಚಲ ಬಾಗಿಲಲ್ಲಿ ಯಾಕೆ ನಿಲ್ಲುತ್ತದೆ?

ಪಾರ್ಕಿನ್ಸನ್ ಅನ್ನುವ ನರರೋಗ ಇರುವವರ ಮನೆಗೆ ಹೋದರೆ ನಾನು ಮೊದಲು ನೋಡುವುದು ನೆಲವನ್ನು. ಆಮೇಲೆ ಬಾಗಿಲುಗಳನ್ನು. ಕೈಕಾಲು ಮುಟ್ಟಿ ನೋಡುವುದು ಅದಾದ ಮೇಲೆ. ರಾಯಚೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಇಲ್ಲಿ ನಡಿಗೆ ಕೆಟ್ಟ ಯಾರನ್ನೇ ತೋರಿಸಲಿ, ಮನೆಯವರು ಹೇಳುವುದು ಒಂದೇ, "ಲಕ್ವಾ ಹೊಡದೈತಿ ಸರ."

ಸಿಂಧನೂರು ಕಡೆಯ ಒಬ್ಬ ತಾತನ ಮನೆಯಿಂದಲೂ ಹಾಗೇ ಫೋನ್ ಬಂತು. ಎಪ್ಪತ್ತು ದಾಟಿದವರು. ಭತ್ತ ಬೆಳೆದವರು, ಊರಿನ ಭಜನೆಯಲ್ಲಿ ತಾಳ ಹಾಕುವವರು. ಹೈದರಾಬಾದಿಗೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದ್ದರು. ಚೀಟಿಯಲ್ಲಿ ಪಾರ್ಕಿನ್ಸನ್ ಅಂತ ಸ್ಪಷ್ಟವಾಗಿ ಬರೆದಿತ್ತು. ಆದರೂ ಮಗ ದಿನಾ ಸಂಜೆ ಅಪ್ಪನ ಕಾಲಿಗೆ ಎಣ್ಣೆ ತಿಕ್ಕಿ, ಮಂಡಿ ಮಡಿಸಿ ಬಿಡಿಸಿ "ಬಲ ಬರಿಸುತ್ತಿದ್ದ".

ತಾತನನ್ನು ಮಂಚದ ಮೇಲೆ ಕೂರಿಸಿ, ನನ್ನ ಅಂಗೈಯನ್ನು ಪಾದದಿಂದ ತಳ್ಳಿ ಅಂದೆ. ತಳ್ಳಿದರು ನೋಡಿ, ನಾನೇ ಹಿಂದಕ್ಕೆ ಸರಿದೆ. ಬಲಕ್ಕೆ ಏನೂ ಕೊರತೆ ಇರಲಿಲ್ಲ. ಲಕ್ವಾದಲ್ಲಿ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರದ ದಾರಿಯೇ ಕೆಟ್ಟಿರುತ್ತದೆ. ಆ ದಾರಿ ಕತ್ತಿನ ಮೇಲ್ಭಾಗಕ್ಕೆ ಬಂದಾಗ ಬಹುಪಾಲು ಎಳೆಗಳು ಆಚೀಚೆ ದಾಟುತ್ತವೆ. ಅದಕ್ಕೇ ಮಿದುಳಿನ ಎಡಗಡೆ ಪೆಟ್ಟಾದರೆ ಬಲಗಡೆ ಕೈಕಾಲು ಬೀಳುವುದು. ಅಂಥವರ ಮೊಣಕೈಯನ್ನು ಜೋರಾಗಿ ಎಳೆದರೆ ಮೊದಲು ಗಟ್ಟಿ ಹಿಡಿದು ಆಮೇಲೆ ಸಡಿಲ ಬಿಡುತ್ತದೆ. ತಾತನ ಮೊಣಕೈ ಮೆಲ್ಲಗೆ ಎಳೆದರೂ ಅಷ್ಟೇ ಬಿಗಿ, ಜೋರಾಗಿ ಎಳೆದರೂ ಅಷ್ಟೇ ಬಿಗಿ. ನಡುನಡುವೆ ಹಳೆ ಸೈಕಲ್ಲಿನ ಫ್ರೀವೀಲ್ ಹಾಗೆ ಕಟ್ ಕಟ್ ಅಂತ ತಡೆಯುತ್ತಿತ್ತು.

ಮಗನಿಗೆ ನಾನು ಹೇಳಿದ್ದು ಇಷ್ಟು. ನಡೆಯುವಾಗ ಎಡ ಬಲ ಕಾಲನ್ನು ಸರದಿ ಪ್ರಕಾರ ಎತ್ತಿಡುವುದರಲ್ಲಿ ಬೆನ್ನುಹುರಿಯ ಪಾಲು ದೊಡ್ಡದು. ಅದಕ್ಕೆ ಶುರು ಮಾಡು, ದೊಡ್ಡ ಹೆಜ್ಜೆ ಇಡು ಅಂತ ನಾವು ಯೋಚಿಸದೆಯೇ ಹೇಳಿಸುವುದು ಮಿದುಳಿನ ಒಳಗಿರುವ ನರಗಂಟುಗಳು. ಅವಕ್ಕೆ ಡೋಪಮಿನ್ ಅನ್ನುವ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಮಾಡುವ ಜೀವಕೋಶಗಳೇ ಸಾಯುತ್ತಾ ಹೋಗುತ್ತವೆ. ಸ್ನಾಯು ಚೆನ್ನಾಗಿದೆ, ನರದ ದಾರಿಯೂ ಇದೆ, ತಾನಾಗಿ ಹೊರಡಬೇಕಾದ ಅಪ್ಪಣೆ ಮಾತ್ರ ಹೊರಡುವುದಿಲ್ಲ. ಎಣ್ಣೆ ತಿಕ್ಕಿದರೆ ಬಿಗಿ ಸ್ವಲ್ಪ ಹಗುರ ಅನ್ನಿಸಬಹುದು. ನಿಂತ ಹೆಜ್ಜೆ ಅದರಿಂದ ಏಳುವುದಿಲ್ಲ.

ಇನ್ನು ಮನೆಯ ವಿಷಯ. ಪಡಸಾಲೆಯಿಂದ ಒಳಮನೆಗೆ ಹಳೇ ಕಾಲದ ಎತ್ತರದ ಹೊಸ್ತಿಲು. ಅಲ್ಲೇ ಬೀಳುತ್ತಾರೆ ಅಂತ ಸೊಸೆಗೆ ಭಯ, ಹೊಸ್ತಿಲು ತೆಗೆಸಲು ಗೌಂಡಿಗೂ ಹೇಳಿಯಾಗಿತ್ತು. ನಾನು ತಾತನನ್ನು ನಡೆಸಿ ನೋಡಿದೆ. ಪುಟ್ಟ ಪುಟ್ಟ ಹೆಜ್ಜೆ, ಪಾದ ನೆಲ ಬಿಡುತ್ತಿಲ್ಲ. ಹೊಸ್ತಿಲ ಹತ್ತಿರ ಬಂದವರೇ ಕಾಲೆತ್ತಿ ನೀಟಾಗಿ ದಾಟಿಬಿಟ್ಟರು! ಮುಂದೆ ಬಚ್ಚಲ ಬಾಗಿಲು. ಅಲ್ಲಿ ಹೊಸ್ತಿಲಿಲ್ಲ, ಹೊಸ ಟೈಲ್ಸ್, ಬಾಗಿಲು ಇಕ್ಕಟ್ಟು. ಅಲ್ಲಿ ನಿಂತರು. ಹಿಮ್ಮಡಿ ಎದ್ದಿದೆ, ಮಂಡಿ ನಡುಗುತ್ತಿದೆ, ಪಾದ ಮಾತ್ರ ಅಲ್ಲೇ. "ಕಾಲು ನೆಲಕ್ಕ ಅಂಟ್ಯಾವ ನೋಡ್ರಿ. ನಾ ಹೋಗು ಅಂತೀನಿ, ಅವು ಕೇಳವಲ್ಲವು" ಅಂದರು.

ಕಣ್ಣಿಗೆ ಕಾಣುವ ಗುರುತನ್ನು ದಾಟುವಾಗ ಮಿದುಳು ಬೇರೆ ದಾರಿ ಹಿಡಿಯುತ್ತದೆ. ಕಣ್ಣು ಕೊಟ್ಟ ಸುದ್ದಿಯ ಮೇಲೆ ಬೇಕೆಂದೇ ಹೆಜ್ಜೆ ಎತ್ತಿಸುತ್ತದೆ, ಕೆಟ್ಟ ನರಗಂಟುಗಳ ಮೇಲೆ ಅಷ್ಟು ಭಾರ ಬೀಳುವುದಿಲ್ಲ. ಇದೇನು ಹೊಸದಲ್ಲ. ಲಂಡನ್ನಿನ ನರರೋಗ ವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್ 1967ರಲ್ಲೇ ಇದನ್ನು ಬರೆದಿದ್ದಾರೆ. ನಡೆಯುವ ದಾರಿಗೆ ಅಡ್ಡಲಾಗಿ ಗೆರೆ ಇರಬೇಕು, ಉದ್ದಕ್ಕೆ ಎಳೆದ ಗೆರೆಯಿಂದ ಉಪಯೋಗವಿಲ್ಲ.

ಹೊಸ್ತಿಲು ಹಾಗೇ ಉಳಿಯಿತು. ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿದೆವು, ಅಷ್ಟೇ. ಪಡಸಾಲೆಯ ಫರಸಿ ಕಲ್ಲಿನ ಮೇಲೆ ಮೊದಲು ಸುಣ್ಣದ ಕಡ್ಡಿಯಿಂದ ಅಡ್ಡಗೆರೆ ಎಳೆದೆ. ದೂರ ಎಷ್ಟಿರಬೇಕು ಅನ್ನುವುದೇ ಇಲ್ಲಿ ಮುಖ್ಯ. ತೀರಾ ಹತ್ತಿರವಾದರೆ ಪುಟ್ಟ ಹೆಜ್ಜೆಯೇ ಗಟ್ಟಿಯಾಗುತ್ತದೆ. ದೂರವಾದರೆ ಮುಗ್ಗರಿಸುತ್ತಾರೆ. ಅವರ ಎತ್ತರಕ್ಕೆ ಒಂದೂವರೆ ಅಡಿ ಹತ್ತಿರ ಹತ್ತಿರ ಸರಿಹೋಯಿತು. ದಿನಾ ನೆಲ ಒರೆಸಿದರೆ ಸುಣ್ಣ ಉಳಿಯುತ್ತಾ? ಅದಕ್ಕೆ ಬಿಳಿ ಪೇಂಟ್ ಹೊಡೆಸಿದೆವು. ಬಚ್ಚಲ ಬಾಗಿಲಲ್ಲಿ ಹಳದಿ ಟೇಪು, ಒಂದು ಬಾಗಿಲ ಈಚೆ, ಒಂದು ಆಚೆ. ಬಾಗಿಲ ಕಡೆ ನೋಡಬೇಡಿ ತಾತ, ಆಚೆ ಗೆರೆ ನೋಡಿ ಅಂತ ಕಲಿಸಿದೆ.

ಗೆರೆ ಇಲ್ಲದ ಕಡೆ? ಅಂಗಳ, ಓಣಿ, ಗುಡಿ. ಅಲ್ಲಿಗೆ ತಾಳ. ನಾನು ಮೊಬೈಲಿನಲ್ಲಿ ಟಿಕ್ ಟಿಕ್ ಹಾಕಿದ್ದೆ, ಅವರಿಗೆ ಹಿಡಿಸಲಿಲ್ಲ. "ಅದ್ಯಾಕ ಸರ, ನಾ ಹಾಕ್ತೀನಿ ತಾಳ" ಅಂತ ತೊಡೆ ತಟ್ಟಿಕೊಂಡು ಹೊರಟೇಬಿಟ್ಟರು. ಟಿಕ್ ಟಿಕ್ಕಿಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು. ಕಿವಿಗೆ ಬಿದ್ದ ಲಯಕ್ಕೂ ಕಾಲು ಏಳುತ್ತದೆ. ಆದರೆ ಭಜನೆ ಏರುತ್ತಾ ತಾಳ ದುಡುಕುತ್ತದಲ್ಲ, ಆಗ ಹೆಜ್ಜೆಯೂ ಓಡಲು ಶುರುವಾಗುತ್ತದೆ. ನಿಧಾನದ ತಾಳಕ್ಕೇ ಕಟ್ಟಿಹಾಕಬೇಕಾಯಿತು.

ಮನೆಯವರಿಗೆ ಕಲಿಸುವುದೇ ಕಷ್ಟ. ಕಾಲು ನಿಂತಾಗ ಕೈ ಹಿಡಿದು ಎಳೆಯಬಾರದು. ಎಳೆದರೆ ಮೈ ಮುಂದೆ ಬರುತ್ತದೆ, ಪಾದ ಅಲ್ಲೇ ಇರುತ್ತದೆ, ಮುಖ ಅಡಿಯಾಗಿ ಬೀಳುತ್ತಾರೆ. "ನಡಿ ನಡಿ" ಅಂತ ಅವಸರ ಮಾಡಿದರೆ ಇನ್ನೂ ಗಟ್ಟಿ ಹಿಡಿಯುತ್ತದೆ. ಸುಮ್ನೆ ನಿಲ್ಲಲಿ. ಮೈಭಾರ ಎಡಕ್ಕೆ, ಬಲಕ್ಕೆ ತೂಗಲಿ. ಆಮೇಲೆ ಹಗುರಾದ ಕಾಲು ಮುಂದಿಡಲಿ. ಮೊಮ್ಮಗಳು ತನ್ನ ಪಾದವನ್ನು ತಾತನ ಪಾದದ ಮುಂದೆ ಅಡ್ಡ ಇಟ್ಟು "ತಾತಾ, ಇದನ್ನ ದಾಟು" ಅನ್ನಲಿ ಅಂತ ಹೇಳಿದೆ. ಆ ಹುಡುಗಿಗೆ ಅದು ಆಟ, ಎಲ್ಲರಿಗಿಂತ ಚೆನ್ನಾಗಿ ಮಾಡಿಸುತ್ತಾಳೆ.

ಗುಳಿಗೆ ವಿಷಯ ನನ್ನದಲ್ಲ, ಡಾಕ್ಟರದು. ಆದರೆ ಹೊತ್ತು ಮಾತ್ರ ನಾನು ಬರೆದಿಡಲು ಹೇಳುತ್ತೇನೆ. ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲಿವೋಡೋಪಾ ಗುಳಿಗೆಯನ್ನು ಈ ಮನೆಯಲ್ಲಿ ಲೋಟ ತುಂಬ ಹಾಲಿನ ಜೊತೆ ಕೊಡುತ್ತಿದ್ದರು. ಹಾಲು, ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನೂ ಈ ಔಷಧಿಯೂ ಕರುಳಿನಿಂದ ರಕ್ತಕ್ಕೆ ಹೋಗಲು ಒಂದೇ ಬಾಗಿಲಿಗೆ ಜಗಳ ಮಾಡುತ್ತವೆ. ಡಾಕ್ಟರನ್ನು ಕೇಳಿ ಊಟಕ್ಕೆ ಅರ್ಧ ತಾಸು ಮುಂಚೆ ನೀರಿನ ಜೊತೆ ಕೊಡಲು ಶುರು ಮಾಡಿದರು. ಗುಳಿಗೆ ಹತ್ತಿದ ಮೇಲೆಯೇ ನನ್ನ ವ್ಯಾಯಾಮ. ಗುಳಿಗೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಈ ತಾತನಿಗೆ ಗೆರೆಯೂ ಅಷ್ಟಾಗಿ ಕೆಲಸ ಮಾಡುವುದಿಲ್ಲ, ತಾಳವೂ ಮಾಡುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಈ ರೋಗದಲ್ಲಿ ಎದ್ದು ನಿಂತಾಗ ಬಿಪಿ ಇಳಿಯುವುದು ಉಂಟು, ಗುಳಿಗೆಯಿಂದಲೂ ಇಳಿಯುತ್ತದೆ. ನಮ್ಮ ಕಡೆಯ ಬಿಸಿಲು ಅದಕ್ಕೆ ಸೇರಿದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಬಿಸಿಲೇರುವ ಮೊದಲೇ ಹೋಗುತ್ತೇನೆ. ಮಲಗಿದವರು ಮೊದಲು ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಏಳಬೇಕು.

ಗೆರೆಯಿಂದ ರೋಗ ನಿಲ್ಲುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾತನಿಗೆ ಈಗಲೂ ಸುಲಭವಲ್ಲದ್ದು ತಿರುಗುವುದು. ನಿಂತಲ್ಲೇ ತಿರುಗಿದರೆ ಕಾಲಿಗೆ ಕಾಲು ತೊಡರುತ್ತದೆ. ಪಡಸಾಲೆಯಲ್ಲಿ ದೊಡ್ಡ ಸುತ್ತು ಹಾಕಿ ತಿರುಗುವುದು ಕಲಿತಿದ್ದಾರೆ, ಬಚ್ಚಲಲ್ಲಿ ಅಷ್ಟು ಜಾಗವಿಲ್ಲ. ರಾತ್ರಿ ಹೊತ್ತಿಗಾದರೂ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ ಅಂತ ನಾನು, ಸೊಸೆ ಇಬ್ಬರೂ ಹೇಳುತ್ತಿದ್ದೇವೆ. "ಉಣ್ಣೋ ಮನ್ಯಾಗ ಅದನ್ನ ಇಡ್ತಾರೇನ್ರಿ?" ಅನ್ನುತ್ತಾರೆ ತಾತ. ಆ ಮಾತು ಇನ್ನೂ ಇತ್ಯರ್ಥವಾಗಿಲ್ಲ.