ಹಿಂದಿನ ಬಾಗಿಲ ಚಾವಿ ಯಾರ ಹತ್ತಿರ ಇದೆ?

ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಏಳು ವರ್ಷದಿಂದ ಹುಡುಗಿಯರ ಹಾಸ್ಟೆಲ್ ವಾರ್ಡನ್. ಮೂರು ಮಹಡಿ, 140ಕ್ಕೂ ಜಾಸ್ತಿ ಹುಡುಗಿಯರು, ಮುಂದೊಂದು ಹಿಂದೊಂದು ಮೆಟ್ಟಿಲು. ಹಿಂದಿನ ಮೆಟ್ಟಿಲ ಕೆಳಗಿನ ಬಾಗಿಲಿಗೆ ರಾತ್ರಿ ಎಂಟಕ್ಕೆ ಹೊರಗಿನಿಂದ ಕೀಲಿ ಬೀಳುತ್ತಿತ್ತು. ಹುಡುಗಿಯರ ಸುರಕ್ಷತೆಗೆ ಅಂತಲೇ ಹಾಕುತ್ತಿದ್ದದ್ದು, ನಾನೂ ಅದು ಸರಿ ಅಂತಲೇ ನಂಬಿದ್ದೆ.

ಒಂದು ಡಿಸೆಂಬರ್ ಬೆಳಗ್ಗೆ, ಇನ್ನೂ ಕತ್ತಲು, ಯಾರೋ ಬಕೆಟ್ಟಿಗೆ ಕಾಯಿಲ್ ಹಾಕಿ ನೀರು ಕಾಯಲು ಇಟ್ಟಿದ್ದರು. ಮೊದಲ ಮಹಡಿಯ ಸ್ವಿಚ್ ಬೋರ್ಡ್ ಸುಟ್ಟಿತು. ಬೋರ್ಡ್ ಇದ್ದದ್ದು ಮುಂದಿನ ಮೆಟ್ಟಿಲ ಪಕ್ಕದಲ್ಲೇ. ಬೆಂಕಿ ಅಂದರೆ ಅಂಗೈ ಅಗಲ ಅಷ್ಟೇ. ಆದರೆ ಹೊಗೆ! ಕಪ್ಪಗೆ, ಗಂಟಲು ಹಿಡಿಯುವಂಥದ್ದು, ಮೆಟ್ಟಿಲ ದಾರಿ ಹಿಡಿದು ಸೀದಾ ಮೂರನೇ ಮಹಡಿಗೆ ಏರಿಬಿಟ್ಟಿತು. ಮೇಲಿನವರೆಲ್ಲ ಹಿಂದಿನ ಮೆಟ್ಟಿಲಿಗೆ ಓಡಿದರು. ಒಳಗಿನಿಂದ ಬಾಗಿಲು ಬಡಿಯುವ ಸದ್ದು, ಹೊರಗೆ ನಾನು ಮತ್ತು ವಾಚ್‌ಮನ್.

“ಕಾಕಾ, ಚಾವಿ ಎಲ್ಲೈತಿ?”

“ಆಫೀಸ್‌ನ್ಯಾಗ ಐತ್ರಿ ಮೇಡಂ. ಆಫೀಸ್ ಚಾವಿ ಕ್ಲರ್ಕ್ ಸಾಹೇಬ್ರ ಕಡೆ ಐತ್ರಿ.”

ಮೆಸ್ಸಿನ ಅಡುಗೆಯವರು ರುಬ್ಬುವ ಗುಂಡು ತಂದು ಕೀಲಿ ಒಡೆದರು. ನಮ್ಮ ಹಾಸ್ಟೆಲ್‌ನ ಬೆಂಕಿ ಆರಿಸುವ ಸಿಲಿಂಡರ್ ತೆಗೆದು ನೋಡಿದರೆ ಮುಳ್ಳು ಕೆಂಪಿನಲ್ಲಿತ್ತು, ಒಳಗೆ ಒತ್ತಡವೇ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಪಕ್ಕದ ಲ್ಯಾಬಿನಿಂದ ಬೇರೆ ಸಿಲಿಂಡರ್ ತಂದು ಆರಿಸಿದೆವು. ಯಾರಿಗೂ ದೊಡ್ಡದೇನೂ ಆಗಲಿಲ್ಲ, ಕೆಮ್ಮು ನಿಲ್ಲದ ಇಬ್ಬರನ್ನು ಆಸ್ಪತ್ರೆಗೆ ತೋರಿಸಿ ಕರೆತಂದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಹಿಡಿದ ಕೆಲಸ ಬಾಗಿಲಿನದೇ. ಚಾವಿಯನ್ನು ಗಾಜಿನ ಡಬ್ಬಿಯಲ್ಲಿಟ್ಟು ಬಾಗಿಲ ಪಕ್ಕ ನೇತುಹಾಕಿ ನೋಡಿದೆವು, ಎರಡೇ ತಿಂಗಳಲ್ಲಿ ಚಾವಿ ಮಾಯ. ಆಮೇಲೆ ಹಠ ಹಿಡಿದು ಕೀಲಿಯನ್ನೇ ತೆಗೆಸಿ, ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ತೆರೆಯಲು ಬಾರದ ಬಾಗಿಲು ಹಾಕಿಸಿದೆ. “ರಾತ್ರಿ ಹುಡುಗಿಯರು ಹೊರಗೆ ಹೋದರೆ?” ಅಂತ ಆಡಳಿತದವರು ಕೇಳಿದರು. ತಂದೆ ತಾಯಿಯೂ ಅದನ್ನೇ ಕೇಳುತ್ತಾರೆ, ತಪ್ಪೇನಿಲ್ಲ. ಅದಕ್ಕೇ ಬಾಗಿಲಿಗೊಂದು ಗಂಟೆ ಕೂಡಿಸಿದೆವು. ತೆರೆದ ಕೂಡಲೇ ವಾಚ್‌ಮನ್ ಕೋಣೆಯಲ್ಲಿ ಬಾರಿಸುತ್ತದೆ. ಯಾರು ಹೋದರು ಅಂತ ಗೊತ್ತಾಗಬೇಕು ಸರಿ, ಅದಕ್ಕಾಗಿ ಯಾರನ್ನೂ ಒಳಗೆ ಕೂಡಿಹಾಕಬೇಕಾಗಿಲ್ಲ.

ಆಮೇಲೆ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರುವ ತಾಲೀಮು. ಮೊದಲನೆಯದನ್ನು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರಿಗೂ ಹೇಳಿ ಮಾಡಿದೆ. ಸುಮ್ನೆ ಆಯಿತು, ನಗುತ್ತ ಇಳಿದು ಬಂದರು. ಎರಡನೆಯದನ್ನು ಜುಲೈನಲ್ಲಿ, ಮಳೆ ಹಿಡಿದ ರಾತ್ರಿ, ಯಾರಿಗೂ ಹೇಳದೆ, ಲೈಟ್ ಆರಿಸಿ ಮಾಡಿದೆ. ಎಲ್ಲರೂ ಅಂಗಳಕ್ಕೆ ಬರಲು ಹನ್ನೊಂದು ನಿಮಿಷ. ಎಲ್ಲರೂ ಅಂದುಕೊಂಡಿದ್ದೆ. ಮಹಡಿ ನೋಡಲು ಟಾರ್ಚ್ ಹಿಡಿದು ಹತ್ತಿದರೆ, ಎರಡನೇ ಮಹಡಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗಿ ತನ್ನ ಕೋಣೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಭುಜದ ಮೇಲೆ ಶಾಲು. “ಯಾರರ ಬರ್ತಾರ ಅಂತ ನಿಂತೀನ್ರಿ ಮೇಡಂ” ಅಂದಳು. ಅವಳನ್ನು ಕರೆತರುವ ಕೆಲಸವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈಗ ಅಂಥ ಪ್ರತಿಯೊಬ್ಬಳಿಗೂ, ದಮ್ಮು ಇರುವವರಿಗೂ, ಅದೇ ಮಹಡಿಯ ಇಬ್ಬರ ಹೆಸರು ಬರೆದಿಟ್ಟಿರುತ್ತದೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸುವುದನ್ನು ಕಲಿಸಿದ್ದೇವೆ. ಮೆಟ್ಟಿಲಲ್ಲಿ ಅದು ನೋಡಿದಷ್ಟು ಸುಲಭವಲ್ಲ, ಮೊದಲು ಖಾಲಿ ಕುರ್ಚಿಯಲ್ಲೇ ರೂಢಿ ಮಾಡಿ.

ತಲೆ ಎಣಿಕೆಯ ಮಾತು. 2019ರ ಮಾರ್ಚ್ 19ರಂದು ಇಲ್ಲೇ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದಾದ ಮೇಲೆ ದಿನಗಟ್ಟಲೆ ನಾವೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ, ಒಳಗೆ ಇನ್ನೂ ಎಷ್ಟು ಜನ ಇದ್ದಾರೆ? ನಮ್ಮ ಡ್ರಿಲ್‌ನಲ್ಲೂ ಇಬ್ಬರು ಕಡಿಮೆ ಬಂದರು. ಹುಡುಕಿ ಸಾಕಾದ ಮೇಲೆ ಗೊತ್ತಾಯಿತು, ಮಧ್ಯಾಹ್ನವೇ ರಾಣೆಬೆನ್ನೂರಿನ ಬಸ್ಸು ಹತ್ತಿ ಊರಿಗೆ ಹೋಗಿದ್ದರು, ರಜಿಸ್ಟರ್‌ನಲ್ಲಿ ಬರೆದಿರಲಿಲ್ಲ. ನಿಜವಾದ ಬೆಂಕಿಯಾಗಿದ್ದರೆ ಇಲ್ಲದ ಅವರಿಬ್ಬರನ್ನು ಹುಡುಕಲು ಯಾರೋ ಅಗ್ನಿಶಾಮಕದವರು ಹೊಗೆಯೊಳಗೆ ನುಗ್ಗುತ್ತಿದ್ದರು ಅಲ್ವಾ? ಈಗ ಕೋಣೆಗೊಬ್ಬಳು ಲೆಕ್ಕ ಹೇಳಬೇಕು. ಯಾರಾದರೂ ಊರಿಗೆ ಹೋದರೆ ಕೋಣೆಯವಳು ಆಗಲೇ ಬಂದು ಹೇಳುತ್ತಾಳೆ.

ಫೋನಿನದು ಸಣ್ಣ ವಿಷಯ, ಆದರೆ ಅದರಲ್ಲೂ ಎಡವಿದ್ದೆವು. ಬೋರ್ಡ್ ಸುಟ್ಟ ಆ ಬೆಳಗ್ಗೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು ಸಹಾಯಕ್ಕೆ ಕರೆ ಮಾಡಿ “ಧಾರವಾಡದ ಹಾಸ್ಟೆಲ್” ಅಂತ ಮಾತ್ರ ಹೇಳಿದ್ದಳು. ಗಾಬರಿಯಲ್ಲಿ ರಸ್ತೆ ಹೆಸರು ಯಾರಿಗೆ ನೆನಪಿರುತ್ತದೆ? ಈಗ ಪ್ರತಿ ಕೋಣೆ ಬಾಗಿಲ ಒಳಬದಿ ದಪ್ಪ ಅಕ್ಷರದ ಹಾಳೆ ಇದೆ: 112, ಆಂಬ್ಯುಲೆನ್ಸಿಗೆ 108, ಪೂರ್ತಿ ವಿಳಾಸ, ಹತ್ತಿರದ ಗುರುತು, ಗಾಡಿ ಯಾವ ಗೇಟಿಗೆ ಬರಬೇಕು ಅಂತ. ಆ ಗೇಟಿನ ಮುಂದೆ ಸ್ಕೂಟಿ ನಿಲ್ಲಿಸಲು ಬಿಡುವುದಿಲ್ಲ.

ಸಿಲಿಂಡರ್ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ. ಪಿನ್ ಎಳೆ, ಬೆಂಕಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಆಚೀಚೆ ಆಡಿಸು. ಬೆನ್ನು ಬಾಗಿಲ ಕಡೆಗೇ ಇರಲಿ. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಅಷ್ಟರಲ್ಲಿ ಆರದಿದ್ದರೆ ಬಿಟ್ಟು ಹೊರಗೆ ಬಂದುಬಿಡಿ. ಕರೆಂಟಿನ ಬೆಂಕಿಗೆ ನೀರು ಬೇಡ. ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಕೆಳಗಿನ ಗಾಳಿ ತಿಳಿಯಾಗಿರುತ್ತದೆ.

ಮಳೆಗಾಲದಲ್ಲಿ ನಮ್ಮ ಹಿತ್ತಲಿಗೆ ಹಾವು ಬರುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಕಡಿದರೆ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆದು, ಕೈಕಾಲು ಅಲುಗಾಡದ ಹಾಗೆ ಇಟ್ಟುಕೊಂಡು ಸೀದಾ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವು ಹಿಡಿಯಲು ಹೊತ್ತು ಕಳೆಯಬೇಡಿ.

ಕಳೆದ ಡ್ರಿಲ್‌ನಲ್ಲಿ ನಾಲ್ಕು ನಿಮಿಷಕ್ಕೆ ಎಲ್ಲರೂ ಅಂಗಳದಲ್ಲಿದ್ದರು. ಪ್ರತಿ ವರ್ಷ ಹೊಸ ಹುಡುಗಿಯರು ಬಂದ ಮೊದಲ ಸಂಜೆ, ಊಟಕ್ಕೆ ಮುಂಚೆ, ಒಬ್ಬೊಬ್ಬರನ್ನೇ ಹಿಂದಿನ ಮೆಟ್ಟಿಲಿಂದ ಇಳಿಸಿ ಆ ಬಾಗಿಲನ್ನು ಅವರ ಕೈಯಿಂದಲೇ ತಳ್ಳಿಸುತ್ತೇನೆ. ಪ್ರತಿ ಸಲ ಗಂಟೆ ಬಾರಿಸುತ್ತದೆ, ಪ್ರತಿ ಸಲ ಕಾಕಾ ಕೋಣೆಯಿಂದ ಎದ್ದು ಬಂದು ನೋಡುತ್ತಾರೆ.